ಭಾನುವಾರದ ಶಾಲೆಯ ರಾಬರ್ಟ್ ರೇಕ್ಸ್

ಮಹಾಪುರುಷರ ಚರಿತ್ರೆಯೆಂದರೆ ರಾಜ್ಯಗಳನ್ನು ಗೆದ್ದವರ ಅಥವಾ ಮಹಾಗ್ರಂಥಗಳನ್ನು ರಚಿಸಿದವರ ಚರಿತ್ರೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ನಾನು ಈ ಲೇಖನದಲ್ಲಿ ಹೇಳಹೊರಟಿರುವ ಮನುಷ್ಯನು ಈ ಎರಡು ಗುಂಪಿಗೂ ಸೇರಿದವನಲ್ಲ. ಆತನು ಇಂಗ್ಲೆಂಡಿನ ಒಂದು ಸಾಧಾರಣ ಪಟ್ಟಣದಲ್ಲಿ ಹುಟ್ಟಿದನು; ತಂದೆಯಿಂದ ಬಂದ ವಾರಪತ್ರಿಕೆಯೊಂದನ್ನು ಅಲ್ಲಿಯೇ ನಲವತ್ತೈದು ವರ್ಷಗಳ ಕಾಲ ನಡೆಸಿದನು; ಅಲ್ಲಿಯೇ ಮಡಿದನು. ಆದರೂ ಇಂದು ಕ್ರೈಸ್ತ ಸಭೆಗಳಿರುವ ಅನೇಕ ದೇಶಗಳಲ್ಲಿ ಮಕ್ಕಳು ಭಾನುವಾರ ಒಂದೆಡೆ ಕುಳಿತು ತಮ್ಮ ಮತದ ಮೊದಲ ಪಾಠಗಳನ್ನು ಕಲಿಯುವ ಪದ್ಧತಿಯಿದೆಯಷ್ಟೆ. ಆ ಪದ್ಧತಿಯನ್ನು ಹಬ್ಬಿಸಿದ ಕೀರ್ತಿ ಬಹುಮಟ್ಟಿಗೆ ಈತನಿಗೆ ಸಲ್ಲಬೇಕು. ಈತನ ಹೆಸರು ರಾಬರ್ಟ್ ರೇಕ್ಸ್.

ಈ ವಿಷಯವನ್ನು ನಾನು ಆರಿಸಿಕೊಂಡುದಕ್ಕೆ ಒಂದು ಕಾರಣವುಂಟು. ಕಳೆದ ಮೂರು ವರ್ಷಗಳಿಂದ ನಾನು ನಮ್ಮ ಊರಿನ ದೇವಾಲಯದಲ್ಲಿ ಭಾನುವಾರದ ಶಾಲೆಯ ಒಂದು ತರಗತಿಗೆ ಪಾಠ ಹೇಳುತ್ತಿದ್ದೇನೆ. ಏಳು ವರ್ಷದ ಮಕ್ಕಳಿಂದ ಹಿಡಿದು ಮೀಸೆ ಮೂಡುತ್ತಿರುವ ಹುಡುಗರವರೆಗೆ ಎಲ್ಲರೂ ಒಂದೇ ಕೊಠಡಿಯಲ್ಲಿರುತ್ತಾರೆ. ದೇವರು ಲೋಕವನ್ನು ಉಂಟುಮಾಡಿದನೆಂಬುದನ್ನೂ, ಪಾಪವೆಂದರೇನು, ಕ್ಷಮೆಯೆಂದರೇನು ಎಂಬುದನ್ನೂ ಇವರಿಗೆ ತಿಳಿಯುವಂತೆ ಹೇಳುವುದು ಪರೀಕ್ಷೆಯಲ್ಲಿ ತತ್ತ್ವಶಾಸ್ತ್ರದ ಪ್ರಶ್ನೆಗೆ ಉತ್ತರ ಬರೆಯುವುದಕ್ಕಿಂತ ಕಷ್ಟದ ಕೆಲಸ. ಬಾಯಿಪಾಠ ಮಾಡಿಸಿದರೆ ಸಾಕೆ? ಅರ್ಥವಾಗದ ಮಾತನ್ನು ಮಗುವಿನ ಬಾಯಲ್ಲಿಡುವುದು ನ್ಯಾಯವೆ? ಮಕ್ಕಳಿಗೆ ನಂಬಿಕೆಯನ್ನು ಕಲಿಸುವಾಗ ಯಾವುದು ಮೊದಲು, ಯಾವುದು ಆಮೇಲೆ? ಈ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ರೇಕ್ಸನ ಚರಿತ್ರೆಯನ್ನು ಓದಿದೆನು. ಆತನು ತತ್ತ್ವವಿಚಾರ ಮಾಡಿದವನಲ್ಲ. ಆದರೆ ಆತನು ಕೆಲಸಮಾಡಿದ ಕ್ರಮವನ್ನು ನೋಡಿದವರಿಗೆ ಕೆಲವು ಉತ್ತರಗಳು ತಾವಾಗಿಯೇ ದೊರೆಯುತ್ತವೆ.

ರಾಬರ್ಟ್ ರೇಕ್ಸನು 1736ನೆಯ ಇಸವಿ ಸೆಪ್ಟೆಂಬರ್ 14ರಂದು ಇಂಗ್ಲೆಂಡಿನ ಪಶ್ಚಿಮ ಭಾಗದಲ್ಲಿ ಸೆವರ್ನ್ ನದಿಯ ತೀರದಲ್ಲಿರುವ ಗ್ಲಾಸ್ಟರ್ ಪಟ್ಟಣದಲ್ಲಿ ಜನಿಸಿದನು. ತಂದೆಯ ಹೆಸರೂ ರಾಬರ್ಟ್ ರೇಕ್ಸ್ ಎಂದೇ. ಆತನು ಮುದ್ರಣಕಾರ, 1722ರಲ್ಲಿ ‘ಗ್ಲಾಸ್ಟರ್ ಜರ್ನಲ್’ ಎಂಬ ಪತ್ರಿಕೆಯನ್ನು ಸ್ಥಾಪಿಸಿದವನು. ಪಾರ್ಲಿಮೆಂಟಿನ ನಡವಳಿಕೆಗಳನ್ನು ಪತ್ರಿಕೆಗಳು ಅಚ್ಚುಮಾಡಕೂಡದೆಂಬ ಕಟ್ಟಳೆಯಿದ್ದ ಆ ಕಾಲದಲ್ಲಿ ಅವುಗಳನ್ನು ಅಚ್ಚುಮಾಡಿ ಕಾಮನ್ಸ್ ಸಭೆಯಿಂದ ಛೀಮಾರಿ ಹಾಕಿಸಿಕೊಂಡ ಧೈರ್ಯಶಾಲಿ. 1757ರಲ್ಲಿ ತಂದೆ ತೀರಿಕೊಂಡಾಗ ಮಗನಿಗೆ ಇನ್ನೂ ಇಪ್ಪತ್ತೊಂದು ತುಂಬುತ್ತಿತ್ತು. ನಮ್ಮಲ್ಲಿ ಪದವಿ ಪರೀಕ್ಷೆಗೆ ಕೂರುವ ವಯಸ್ಸಿನಲ್ಲಿ ಆತನು ಮುದ್ರಣಾಲಯ, ಪತ್ರಿಕೆ, ಸಂಸಾರ ಈ ಮೂರರ ಭಾರವನ್ನೂ ಹೊರಬೇಕಾಯಿತು. ಹೊತ್ತನು, ಚೆನ್ನಾಗಿಯೇ ಹೊತ್ತನು. ಪತ್ರಿಕೆ ಬೆಳೆಯಿತು, ಸ್ಥಿತಿಗತಿ ಉತ್ತಮವಾಯಿತು. 1767ರಲ್ಲಿ ಆನ್ ಟ್ರಿಗ್ ಎಂಬಾಕೆಯನ್ನು ಮದುವೆಯಾದನು.

ಆತನು ವಿರಕ್ತನೆಂದೋ ಸಂತನೆಂದೋ ಯಾರೂ ತಿಳಿಯಬಾರದು. ಒಳ್ಳೆಯ ಉಡುಪು, ಒಳ್ಳೆಯ ಊಟ, ಸಂಭಾಷಣೆ ಇವುಗಳಲ್ಲಿ ಆತನಿಗೆ ಬಹಳ ಪ್ರೀತಿ. ಊರಿನವರು ಆತನ ಷೋಕಿಯನ್ನು ಕಂಡು ಅಡ್ಡಹೆಸರಿಟ್ಟು ನಗುತ್ತಿದ್ದರು. ಸ್ವಲ್ಪ ಆತ್ಮಪ್ರಶಂಸೆಯೂ ಇತ್ತು. ಮುಂದೆ 1788ರಲ್ಲಿ ಆತನನ್ನು ಕಂಡ ಕಾದಂಬರಿಗಾರ್ತಿ ಫ್ಯಾನಿ ಬರ್ನಿಯು, ಈತನು ಅತಿಯಾಗಿ ಮಾತನಾಡುತ್ತಾನೆಂದೂ ತನ್ನನ್ನು ಮುಂದೊಡ್ಡಿಕೊಳ್ಳುತ್ತಾನೆಂದೂ, ಆದರೆ ಹೃದಯ ಮಾತ್ರ ಒಳ್ಳೆಯದೆಂದೂ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಈ ದೋಷಗಳನ್ನು ನಾನು ಮುಚ್ಚಿಡದೆ ಹೇಳಿದೆ. ಇಂತಹ ಸಾಧಾರಣ ಮನುಷ್ಯನಿಂದ ಇಷ್ಟು ದೊಡ್ಡ ಕೆಲಸವಾಯಿತೆಂಬುದು ನಮ್ಮಂಥ ಸಾಧಾರಣರಿಗೆ ಧೈರ್ಯ ಕೊಡುವ ಸಂಗತಿ.

ಪತ್ರಿಕೆಯ ಕೆಲಸವು ಆತನನ್ನು ಮೊದಲು ಸೆರೆಮನೆಯ ಬಾಗಿಲಿಗೆ ಕರೆದುಕೊಂಡು ಹೋಯಿತು. ಗ್ಲಾಸ್ಟರಿನ ಸೆರೆಮನೆ ಹಳೆಯ ಕೋಟೆಯೊಳಗಿತ್ತು. ಸಾಲ ತೀರಿಸಲಾರದವರು, ಸಣ್ಣ ಕಳ್ಳರು, ಘೋರ ಅಪರಾಧಿಗಳು ಎಲ್ಲರೂ ಅಲ್ಲಿ ಒಟ್ಟಿಗೆ ಬಿದ್ದಿದ್ದರು. ಕೆಲವರಿಗೆ ಸರಕಾರದಿಂದ ಅನ್ನವೂ ಇರಲಿಲ್ಲ. ದಾರಿಹೋಕರ ದಾನವೇ ಗತಿ. ರೇಕ್ಸನು ತನ್ನ ಪತ್ರಿಕೆಯಲ್ಲಿ ಇವರ ಪಾಡನ್ನು ಬರೆದು ಹಣ ಕೂಡಿಸಿದನು, ಆಹಾರ ಬಟ್ಟೆ ಒದಗಿಸಿದನು. ಓದುಬಲ್ಲ ಕೈದಿಗಳು ಓದುಬಾರದವರಿಗೆ ಓದಿ ಹೇಳುವಂತೆ ಏರ್ಪಡಿಸಿದನು. ಸೆರೆಮನೆಗಳ ಸುಧಾರಕನಾದ ಜಾನ್ ಹೋವರ್ಡನು 1773ರಲ್ಲಿ ಗ್ಲಾಸ್ಟರಿಗೆ ಬಂದಾಗ ಈತನ ಪ್ರಯತ್ನಗಳನ್ನು ಕಂಡನು. ಆದರೆ ಎರಡು ದಶಕಗಳಷ್ಟು ದುಡಿದ ಮೇಲೂ ರೇಕ್ಸನಿಗೆ ತೃಪ್ತಿಯಾಗಲಿಲ್ಲ. ಬಿಡುಗಡೆಯಾಗಿ ಹೋದವರು ಮತ್ತೆ ಅದೇ ಬಾಗಿಲಿನಿಂದ ಒಳಕ್ಕೆ ಬರುತ್ತಿದ್ದರು. ಅವರಲ್ಲಿ ಬಹುಮಂದಿ ನಿರಕ್ಷರಕುಕ್ಷಿಗಳು. ಮರ ಬೆಳೆದು ಡೊಂಕಾದ ಮೇಲೆ ತಿದ್ದುವುದಕ್ಕಿಂತ ಸಸಿಯಾಗಿರುವಾಗಲೇ ಕೋಲು ಕೊಟ್ಟು ನಿಲ್ಲಿಸುವುದು ಸುಲಭವೆಂಬ ನಮ್ಮ ಹಳ್ಳಿಯ ತಿಳಿವಳಿಕೆಗೆ ಆತನು ತನ್ನ ಅನುಭವದಿಂದಲೇ ಬಂದನು.

ಇನ್ನು ಆ ಸಸಿಗಳ ಸ್ಥಿತಿ ಏನಾಗಿತ್ತೆಂಬುದನ್ನು ನೋಡೋಣ. ಗ್ಲಾಸ್ಟರಿನ ಮುಖ್ಯ ಕೈಗಾರಿಕೆ ಗುಂಡುಸೂಜಿಯ ತಯಾರಿಕೆ. ನಮ್ಮಲ್ಲಿ ಅರ್ಥಶಾಸ್ತ್ರವನ್ನು ಓದುತ್ತಿರುವ ಮಿತ್ರರಿಗೆ ಗುಂಡುಸೂಜಿಯೆಂದೊಡನೆ ಆಡಂ ಸ್ಮಿತ್‌ನ ನೆನಪಾಗದಿರದು. 1776ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಆತನು ಗುಂಡುಸೂಜಿಯ ಕೆಲಸವನ್ನು ಹದಿನೆಂಟು ಭಾಗ ಮಾಡಿಕೊಂಡರೆ ಹತ್ತು ಮಂದಿ ಸೇರಿ ದಿನಕ್ಕೆ 48,000 ಸೂಜಿಗಳನ್ನು ಮಾಡಬಹುದೆಂದು ಲೆಕ್ಕ ತೋರಿಸಿದ್ದಾನೆ. ಅದೇ ಗ್ರಂಥದ ಕಡೆಯ ಭಾಗದಲ್ಲಿ, ಜೀವಮಾನವೆಲ್ಲ ಒಂದೇ ಸಣ್ಣ ಕೆಲಸವನ್ನು ಮಾಡುವವನ ಬುದ್ಧಿ ಮಂಕಾಗುವುದೆಂದೂ, ಆದುದರಿಂದ ಬಡವರ ಮಕ್ಕಳಿಗೆ ವಿದ್ಯೆ ಕೊಡಿಸಬೇಕೆಂದೂ ಎಚ್ಚರಿಸಿದ್ದಾನೆ. ಗ್ಲಾಸ್ಟರಿನ ಕಾರ್ಖಾನೆಗಳಲ್ಲಿ ಚಿಕ್ಕ ಮಕ್ಕಳೂ ವಾರಕ್ಕೆ ಆರು ದಿನ ದುಡಿಯುತ್ತಿದ್ದರು. ಬಡವರಿಗೆ ಸರಕಾರದ ಶಾಲೆಗಳೆಂಬುವು ಆಗ ಇಂಗ್ಲೆಂಡಿನಲ್ಲಿ ಇರಲಿಲ್ಲ. ಮಗುವಿನ ಪಾಲಿಗೆ ಉಳಿದಿದ್ದುದು ಭಾನುವಾರವೊಂದೇ.

1780ರಲ್ಲಿ ಒಂದು ದಿನ ರೇಕ್ಸನು ಯಾವುದೋ ಕೆಲಸಕ್ಕಾಗಿ ಪಟ್ಟಣದ ಅಂಚಿನ ಕೇರಿಗೆ ಹೋದನು. ಬೀದಿಯಲ್ಲಿ ಚಿಂದಿಯುಟ್ಟ ಮಕ್ಕಳು ಕೂಗಾಡುತ್ತ ಆಡುತ್ತಿದ್ದವು. ಇದೇನೆಂದು ಆತನು ವಿಚಾರಿಸಿದಾಗ ಅಲ್ಲಿಯ ನಿವಾಸಿಯೊಬ್ಬಳು, ಇದು ಏನೂ ಅಲ್ಲ, ಭಾನುವಾರ ಬಂದು ನೋಡಬೇಕು, ಕಾರ್ಖಾನೆಗೆ ರಜಾ ಇರುವುದರಿಂದ ಅಂದು ಬೀದಿಯಲ್ಲಿ ಜಗಳ, ಜೂಜು, ಬೈಗುಳಗಳೇ ತುಂಬಿರುತ್ತವೆ ಎಂಬ ಅಭಿಪ್ರಾಯ ಬರುವಂತೆ ಹೇಳಿದಳು. ಇಂತಹ ಮಾತನ್ನು ಕೇಳಿ ನಾವು ಅಯ್ಯೋ ಎಂದು ಮರುಗಿ ಮನೆಗೆ ಹೋಗುತ್ತೇವೆ. ರೇಕ್ಸನು ಇನ್ನೊಂದು ಪ್ರಶ್ನೆ ಕೇಳಿದನು: ಈ ಕೇರಿಯಲ್ಲಿ ಮಕ್ಕಳಿಗೆ ಓದು ಹೇಳಿಕೊಡಬಲ್ಲ ಮರ್ಯಾದಸ್ಥ ಹೆಂಗಸರು ಯಾರಾದರೂ ಇದ್ದಾರೆಯೆ? ನಾಲ್ವರ ಹೆಸರು ಸಿಕ್ಕಿತು. ಅವರನ್ನು ಕಂಡು, ತಾನು ಕಳುಹಿಸಿದ ಮಕ್ಕಳಿಗೆ ಭಾನುವಾರ ಓದನ್ನೂ ಸಭೆಯ ಪ್ರಶ್ನೋತ್ತರ ಪಾಠವನ್ನೂ ಹೇಳಿಕೊಡಬೇಕೆಂದು ಒಪ್ಪಂದ ಮಾಡಿಕೊಂಡನು. ದಿನಕ್ಕೆ ಒಬ್ಬೊಬ್ಬರಿಗೆ ಒಂದು ಷಿಲ್ಲಿಂಗ್ ಸಂಬಳ. ಅನಂತರ ಪಾದ್ರಿಯಾದ ಥಾಮಸ್ ಸ್ಟಾಕ್‌ನ ಬಳಿಗೆ ಹೋಗಿ ತನ್ನ ಯೋಚನೆಯನ್ನು ತಿಳಿಸಿದನು. ಸ್ಟಾಕ್‌ನು ಸಂತೋಷದಿಂದ ಕೈಗೂಡಿಸಿದನು. ಖರ್ಚಿನಲ್ಲಿಯೂ ಪಾಲು ವಹಿಸಿ, ಭಾನುವಾರ ಮಧ್ಯಾಹ್ನ ಶಾಲೆಗಳನ್ನು ಸುತ್ತಿ ಮಕ್ಕಳ ಪ್ರಗತಿಯನ್ನು ನೋಡುತ್ತಿದ್ದನು. ಆ ವರ್ಷದ ಜುಲೈ ತಿಂಗಳಲ್ಲಿ ಮೆರೆಡಿತ್ ಎಂಬಾಕೆಯ ಮನೆಯಲ್ಲಿ ಶಾಲೆ ಆರಂಭವಾಯಿತು.

ಶಾಲೆಗೆ ಸೇರಲು ಹಣ ಬೇಡ, ಒಳ್ಳೆಯ ಬಟ್ಟೆ ಬೇಡ, ಪಾದರಕ್ಷೆಯೂ ಬೇಡ. ಮುಖ ಕೈ ತೊಳೆದು ತಲೆ ಬಾಚಿಕೊಂಡು ಬಂದರೆ ಸಾಕೆಂದು ರೇಕ್ಸನು ನಿಯಮ ಮಾಡಿದನು. ಬಟ್ಟೆಯಿಲ್ಲವೆಂದು ನಾಚಿಕೊಂಡ ಮಕ್ಕಳಿಗೆ, ಬೀದಿಯಲ್ಲಿ ತಿರುಗಲು ಸಾಲುವ ಬಟ್ಟೆ ಶಾಲೆಗೂ ಸಾಲುತ್ತದೆಂದು ಧೈರ್ಯ ಹೇಳಿದನು. ಬೆಳಿಗ್ಗೆ ಹತ್ತು ಗಂಟೆಯಿಂದ ಹನ್ನೆರಡರವರೆಗೆ ಪಾಠ; ಊಟಕ್ಕೆ ಮನೆಗೆ ಹೋಗಿ ಒಂದು ಗಂಟೆಗೆ ಮರಳಿ ಬಂದು ಒಂದು ಪಾಠ ಓದುವುದು; ಆಮೇಲೆ ಸಾಲಾಗಿ ದೇವಾಲಯಕ್ಕೆ; ಅಲ್ಲಿಂದ ಬಂದು ಐದು ಗಂಟೆ ಕಳೆಯುವವರೆಗೆ ಪ್ರಶ್ನೋತ್ತರ ಪಾಠವನ್ನು ಒಪ್ಪಿಸುವುದು; ಕಡೆಗೆ, ಗದ್ದಲ ಮಾಡದೆ ಮನೆಗೆ ಹೋಗಬೇಕೆಂಬ ಅಪ್ಪಣೆ. ದೊಡ್ಡ ಹುಡುಗರು ಕಲಿತ ಪಾಠವನ್ನು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಮೊದಲು ಗಂಡುಮಕ್ಕಳು ಮಾತ್ರವಿದ್ದರು. ಬಳಿಕ ಹೆಣ್ಣುಮಕ್ಕಳೂ ಬಂದರು. ಚೆನ್ನಾಗಿ ನಡೆದುಕೊಂಡವರಿಗೆ ಪುಸ್ತಕ, ಬಾಚಣಿಗೆ, ಪಾದರಕ್ಷೆ ಇವು ಬಹುಮಾನಗಳು.

ಆ ಮಕ್ಕಳು ಕಲಿತ ಪ್ರಶ್ನೋತ್ತರ ಪಾಠ ಯಾವುದೆಂಬುದನ್ನು ಕ್ರೈಸ್ತರಲ್ಲದ ವಾಚಕರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಅದು ಇಂಗ್ಲೆಂಡಿನ ಸಭೆಯ ಪ್ರಾರ್ಥನಾ ಪುಸ್ತಕದಲ್ಲಿರುವ ಚಿಕ್ಕ ಭಾಗ. ಅದರ ಮುಖ್ಯಾಂಶಗಳು ಮೂರು. ಮೊದಲನೆಯದು ಅಪೊಸ್ತಲರ ವಿಶ್ವಾಸ ಪ್ರಮಾಣ. ತಂದೆಯಾದ ದೇವರು, ಕ್ರಿಸ್ತನು, ಪವಿತ್ರಾತ್ಮನು ಇವರನ್ನು ಕುರಿತ ನಂಬಿಕೆಯ ಸಂಗ್ರಹ. ಎರಡನೆಯದು ದಶಾಜ್ಞೆಗಳು, ದೇವರಿಗೂ ನೆರೆಯವನಿಗೂ ಮನುಷ್ಯನು ಸಲ್ಲಿಸಬೇಕಾದ ಕರ್ತವ್ಯ. ಮೂರನೆಯದು ಕ್ರಿಸ್ತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ. ಏನನ್ನು ನಂಬಬೇಕು, ಹೇಗೆ ನಡೆಯಬೇಕು, ಯಾರನ್ನು ಬೇಡಬೇಕು ಎಂಬ ಮೂರು ಪ್ರಶ್ನೆಗಳಿಗೆ ಇವು ಉತ್ತರಗಳು. ಇವುಗಳ ಜೊತೆಗೆ ದೀಕ್ಷಾಸ್ನಾನ ಮತ್ತು ಕರ್ತನ ಭೋಜನವನ್ನು ಕುರಿತ ಭಾಗವೊಂದು 1604ರಲ್ಲಿ ಸೇರಿತು. ಈ ಪಾಠದ ಮೊದಲ ಪ್ರಶ್ನೆ ದೇವರನ್ನು ಕುರಿತದ್ದಲ್ಲವೆಂಬುದು ನನಗೆ ಬಹಳ ಹಿಡಿಸಿದೆ. ಮಗುವಿನ ಹೆಸರೇನೆಂದು ಕೇಳುವುದೇ ಮೊದಲ ಪ್ರಶ್ನೆ. ವಾರದ ಆರು ದಿನ ಕಾರ್ಖಾನೆಯಲ್ಲಿ ಎಣಿಕೆಗೆ ಮಾತ್ರ ಸಿಕ್ಕುತ್ತಿದ್ದ ಹುಡುಗನನ್ನು ಏಳನೆಯ ದಿನ ಒಬ್ಬರು ಎದುರಿಗೆ ಕೂರಿಸಿಕೊಂಡು ಅವನ ಹೆಸರನ್ನು ಕೇಳುತ್ತಿದ್ದರು. ಮುಂದಿನ ತತ್ತ್ವಗಳು ಅವನ ಮನಸ್ಸಿಗೆ ಎಷ್ಟು ಹತ್ತಿದವೋ ಹೇಳುವುದು ಕಷ್ಟ; ಈ ಮೊದಲ ಪ್ರಶ್ನೆಯಂತೂ ಹತ್ತಿರಬೇಕು.

ರೇಕ್ಸನ ಕ್ರಮದಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಇದು: ಪ್ರಶ್ನೋತ್ತರಕ್ಕಿಂತ ಮೊದಲು ಆತನು ಅಕ್ಷರವನ್ನಿಟ್ಟನು. ಬಾಯಿಪಾಠ ಮಾಡಿಸಲು ಅಕ್ಷರಜ್ಞಾನ ಬೇಕಾಗಿಲ್ಲ. ಗಿಳಿಗೆ ಕಲಿಸುವಂತೆ ಕಲಿಸಿ, ಒಪ್ಪಿಸಿದವರಿಗೆ ಕಾಸು ಕೊಟ್ಟಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಆತನು ಹಾಗೆ ಮಾಡದೆ ವರ್ಣಮಾಲೆ, ಒಂದಕ್ಷರದ ಪದಗಳು, ಚಿಕ್ಕ ವಾಕ್ಯಗಳು, ಅನಂತರ ಸತ್ಯವೇದದ ಪಾಠಗಳು ಎಂಬ ಮೆಟ್ಟಲುಗಳನ್ನು ಕಟ್ಟಿದನು. ಮುಂದೆ ತನ್ನ ಮುದ್ರಣಾಲಯದಲ್ಲಿಯೇ ಇದಕ್ಕಾಗಿ ಸಣ್ಣ ಪುಸ್ತಕವನ್ನು ಅಚ್ಚುಮಾಡಿಸಿದನು. ಓದುಬಲ್ಲ ಮಗುವು ತಾನು ನಂಬುವುದನ್ನು ತನ್ನ ಕಣ್ಣಿನಿಂದಲೇ ನೋಡಬಲ್ಲುದು. ಹೇಳಿಕೊಟ್ಟವನ ಮಾತಿಗೂ ಪುಸ್ತಕದ ಮಾತಿಗೂ ವ್ಯತ್ಯಾಸವಿದ್ದರೆ ಕೇಳಬಲ್ಲುದು. ನನ್ನ ತರಗತಿಯಲ್ಲಿ ದಶಾಜ್ಞೆಗಳನ್ನು ಒಂದೇ ಉಸಿರಿಗೆ ಒಪ್ಪಿಸುವ ಮಕ್ಕಳಿದ್ದಾರೆ. ಆದರೆ ಎಡವುತ್ತ ಎಡವುತ್ತ ತಾನೇ ಓದಿದ ಹುಡುಗಿಯೊಬ್ಬಳು, ಎತ್ತಿಗೂ ಕತ್ತೆಗೂ ವಿಶ್ರಾಂತಿ ಕೊಡಬೇಕೆಂದು ದೇವರು ಹೇಳಿರುವಾಗ ಅಮ್ಮನಿಗೆ ಭಾನುವಾರವೂ ಏಕೆ ಕೆಲಸವಿರುತ್ತದೆಂದು ನನ್ನನ್ನು ಕೇಳಿದಳು. ಒಪ್ಪಿಸುವವರು ಇಂತಹ ಪ್ರಶ್ನೆಯನ್ನು ಕೇಳುವುದು ಅಪರೂಪ.

ಶಾಲೆ ನೇರವಾಗಿ ನಡೆಯಿತೆಂದು ಭಾವಿಸಬೇಡಿ. ಮೆರೆಡಿತಮ್ಮನು ಹುಡುಗರ ಹಾವಳಿಯನ್ನು ತಾಳಲಾರದೆ ಕೆಲವು ತಿಂಗಳಲ್ಲಿಯೇ ಕೈಚೆಲ್ಲಿದಳು. ಶಾಲೆಯು ರೇಕ್ಸನ ಮನೆಯ ಬಳಿಯಲ್ಲಿಯೇ ಇದ್ದ ಕ್ರಿಚ್ಲಿ ಎಂಬ ಗಟ್ಟಿಗಿತ್ತಿಯ ಮನೆಗೆ ಬಂದಿತು. ಬಹಳ ವರ್ಷಗಳ ಮೇಲೆ, ಮುದುಕರಾಗಿದ್ದ ಹಳೆಯ ಶಿಷ್ಯರು ಆ ದಿನಗಳನ್ನು ನೆನೆದು ಹೇಳಿದ ಸಂಗತಿಗಳು ದಾಖಲೆಯಾಗಿ ಉಳಿದಿವೆ. ಓಡಿಹೋಗಬಾರದೆಂದು ಕೆಲವು ತಂದೆತಾಯಿಗಳು ಮಕ್ಕಳ ಕಾಲಿಗೆ ಮರದ ತುಂಡನ್ನೋ ತೂಕದ ಕಲ್ಲನ್ನೋ ಕಟ್ಟಿ ಶಾಲೆಗೆ ತರುತ್ತಿದ್ದರಂತೆ. ಒಬ್ಬ ಹುಡುಗನು ಕಾಡುಪ್ರಾಣಿಯೊಂದನ್ನು ಅಂಗಿಯೊಳಗೆ ಬಚ್ಚಿಟ್ಟು ತಂದು ತರಗತಿಯಲ್ಲಿ ಬಿಟ್ಟನಂತೆ. ತುಂಟರನ್ನು ರೇಕ್ಸನು ತಾನೇ ಮನೆಗೆ ಎಳೆದುಕೊಂಡು ಹೋಗಿ, ತಂದೆತಾಯಿಗಳಿಂದ ಹೊಡೆಸಿ, ಮರಳಿ ತಂದು ಕೂರಿಸುತ್ತಿದ್ದನು. ಸುಳ್ಳು ಹೇಳಿದ ಒಬ್ಬ ಹುಡುಗನ ಬೆರಳುಗಳನ್ನು ಬೆಂಕಿಗೂಡಿನ ಸರಳಿಗೆ ಒತ್ತಿದನೆಂದು ಕೂಡ ಹೇಳುತ್ತಾರೆ. ಇದನ್ನು ಓದಿದಾಗ ನನ್ನ ಮನಸ್ಸು ನೊಂದಿತು. ಆ ಕಾಲದಲ್ಲಿ ಎಲ್ಲ ಶಾಲೆಗಳಲ್ಲಿಯೂ ಬೆತ್ತವಿತ್ತೆಂದು ಸಮಾಧಾನ ಹೇಳಬಹುದು. ಆದರೆ ಪ್ರೀತಿಯ ಮತವನ್ನು ಕಾದ ಸರಳಿನಿಂದ ಕಲಿಸಲಾಗುವುದಿಲ್ಲವೆಂಬುದು ಆ ಕಾಲಕ್ಕೂ ಸತ್ಯವಾಗಿಯೇ ಇತ್ತು.

ಇದರ ಎದುರಿಗೆ ಆತನ ಚರಿತ್ರಕಾರರು ಹೇಳುವ ಇನ್ನೊಂದು ಪ್ರಸಂಗವನ್ನಿಡಬೇಕು. ಒಬ್ಬ ಹಠಮಾರಿ ಹುಡುಗಿ ತಾಯಿಯೊಡನೆ ಕೆಟ್ಟದಾಗಿ ನಡೆದುಕೊಂಡಿದ್ದಳು. ಕ್ಷಮೆ ಕೇಳೆಂದು ರೇಕ್ಸನು ಎಷ್ಟು ಹೇಳಿದರೂ ಆಕೆ ಬಾಯಿ ಬಿಡಲಿಲ್ಲ. ಕಡೆಗೆ, ನಿನಗೆ ನಾಚಿಕೆಯಾದರೆ ನಿನ್ನ ಬದಲು ನಾನು ಕೇಳುತ್ತೇನೆಂದು ಆ ಷೋಕಿಯ ದೊಡ್ಡಮನುಷ್ಯನು ಒಳ್ಳೆಯ ಉಡುಪಿನಲ್ಲಿಯೇ ಆ ಬಡ ತಾಯಿಯ ಮುಂದೆ ಮೊಣಕಾಲೂರಿದನು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಕ್ರೈಸ್ತ ಮತದ ಬುನಾದಿಯಲ್ಲಿರುವ ತತ್ತ್ವವೊಂದುಂಟು: ಒಬ್ಬರ ತಪ್ಪಿನ ಭಾರವನ್ನು ತಪ್ಪು ಮಾಡದ ಇನ್ನೊಬ್ಬನು ಹೊತ್ತನೆಂಬುದು. ದೊಡ್ಡ ಪಂಡಿತರು ಈ ತತ್ತ್ವವನ್ನು ವಿವರಿಸಲು ಸಂಪುಟಗಳನ್ನು ಬರೆದಿದ್ದಾರೆ. ಆ ಹುಡುಗಿಗೆ ಅದು ಅರೆ ನಿಮಿಷದಲ್ಲಿ ಅರ್ಥವಾಗಿರಬೇಕು. ಕಾದ ಸರಳು, ಊರಿದ ಮೊಣಕಾಲು ಈ ಎರಡೂ ಒಬ್ಬನೇ ಗುರುವಿನ ಪಾಠಗಳೆಂಬುದನ್ನು ನಾವು ಮರೆಯಬಾರದು. ಯಾವ ಪಾಠ ಉಳಿಯತಕ್ಕದ್ದೆಂಬುದನ್ನು ನಮ್ಮ ವಿವೇಕವೇ ಹೇಳುತ್ತದೆ.

ಮೂರು ವರ್ಷಗಳವರೆಗೆ ರೇಕ್ಸನು ತನ್ನ ಶಾಲೆಯ ವಿಷಯವನ್ನು ಪತ್ರಿಕೆಯಲ್ಲಿ ಡಂಗುರ ಹೊಡೆಯಲಿಲ್ಲ. ಆತ್ಮಪ್ರಶಂಸೆಯುಳ್ಳ ಮನುಷ್ಯನಿಗೆ ಇದು ಸಣ್ಣ ಸಂಯಮವಲ್ಲ. ಫಲ ಕಣ್ಣಿಗೆ ಕಾಣುವವರೆಗೆ ಕಾದು, 1783ರ ನವೆಂಬರ್ 3ರಂದು ‘ಗ್ಲಾಸ್ಟರ್ ಜರ್ನಲ್’ನಲ್ಲಿ ಒಂದು ಸಣ್ಣ ವರದಿಯನ್ನು ಪ್ರಕಟಿಸಿದನು, ಅದರಲ್ಲಿ ತನ್ನ ಹೆಸರನ್ನು ಹಾಕಿಕೊಳ್ಳಲಿಲ್ಲ. ಆ ವರದಿಯನ್ನು ಬೇರೆ ಪತ್ರಿಕೆಗಳು ಎತ್ತಿಕೊಂಡವು. ದೇಶದ ನಾನಾ ಭಾಗಗಳಿಂದ ಪತ್ರಗಳು ಬಂದವು. ಆತನು ಬರೆದ ಉತ್ತರವೊಂದು 1784ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಪ್ರಕಟವಾಯಿತು. ಲೀಡ್ಸ್, ಮ್ಯಾಂಚೆಸ್ಟರ್ ಮೊದಲಾದ ಕೈಗಾರಿಕಾ ಪಟ್ಟಣಗಳಲ್ಲಿ ಶಾಲೆಗಳು ಎದ್ದವು. ಮೆಥೊಡಿಸ್ಟ್ ಪಂಥದ ಜಾನ್ ವೆಸ್ಲಿಯು ಇದನ್ನು ಬಹಳವಾಗಿ ಮೆಚ್ಚಿಕೊಂಡನು. 1785ರಲ್ಲಿ ಬ್ಯಾಪ್ಟಿಸ್ಟ್ ಪಂಥದ ವರ್ತಕನಾದ ವಿಲಿಯಂ ಫಾಕ್ಸ್‌ನ ಪ್ರಯತ್ನದಿಂದ, ಭಾನುವಾರದ ಶಾಲೆಗಳಿಗೆ ಹಣ ಮತ್ತು ಪುಸ್ತಕಗಳನ್ನು ಒದಗಿಸುವ ಸಂಘವೊಂದು ಲಂಡನ್ನಿನಲ್ಲಿ ಹುಟ್ಟಿತು. 1786ರಲ್ಲಿ ಗ್ಲಾಸ್ಟರ್ ಪ್ರಾಂತದ ನ್ಯಾಯಾಧಿಕಾರಿಗಳು ಈ ಶಾಲೆಗಳಿಂದ ಜನರ ನಡತೆ ಸುಧಾರಿಸಿದೆಯೆಂದು ಒಮ್ಮತದಿಂದ ನಿರ್ಣಯ ಮಾಡಿದರು. ರಾಣಿ ಷಾರ್ಲಟಳು ಆತನನ್ನು ವಿಂಡ್ಸರ್ ಅರಮನೆಗೆ ಕರೆಸಿ ವಿಷಯವನ್ನು ವಿಚಾರಿಸಿದಳು. 1787ರ ಹೊತ್ತಿಗೆ ಎರಡೂವರೆ ಲಕ್ಷ ಮಕ್ಕಳು ಈ ಶಾಲೆಗಳಲ್ಲಿದ್ದರೆಂಬುದು ರೇಕ್ಸನದೇ ಅಂದಾಜು.

ಭಾನುವಾರದ ಶಾಲೆಯನ್ನು ಮೊದಲು ಕಂಡುಹಿಡಿದವನು ರೇಕ್ಸನೇ ಎಂದು ಹೇಳಿದರೆ ಅದು ಸತ್ಯಕ್ಕೆ ದೂರವಾದೀತು. ಹ್ಯಾನ ಬಾಲ್ ಎಂಬ ಮಹಿಳೆಯು ಹೈ ವಿಕೂಂ ಎಂಬ ಊರಿನಲ್ಲಿ 1769ರಲ್ಲಿಯೇ ಇಂತಹ ಶಾಲೆಯನ್ನು ನಡೆಸಿದ್ದಳು. ಪಾದ್ರಿ ಸ್ಟಾಕ್‌ನು ಗ್ಲಾಸ್ಟರಿಗೆ ಬರುವ ಮೊದಲು ಆಷ್‌ಬರಿ ಎಂಬ ಹಳ್ಳಿಯಲ್ಲಿ 1777ರಲ್ಲಿ ಮಕ್ಕಳನ್ನು ಕೂಡಿಸಿ ಕಲಿಸಿದ್ದನು. ಸ್ಟಾಕ್‌ನಿಗೆ ಸಲ್ಲಬೇಕಾದ ಕೀರ್ತಿ ಸಲ್ಲಲಿಲ್ಲವೆಂದು ವಾದಿಸುವವರು ಉಂಟು. ಅವರ ವಾದದಲ್ಲಿ ಹುರುಳಿದೆ. ನನ್ನ ಅಭಿಪ್ರಾಯವನ್ನು ಹೇಳುವುದಾದರೆ, ಬೀಜವು ಹಲವರ ಕೈಯಲ್ಲಿತ್ತು. ಅದನ್ನು ದೇಶದ ಹೊಲಕ್ಕೆಲ್ಲ ಎರಚಲು ಬೇಕಾದ ಪತ್ರಿಕೆಯು ರೇಕ್ಸನ ಕೈಯಲ್ಲಿತ್ತು. ಕೆಲಸದಲ್ಲಿ ಸ್ಟಾಕ್‌ನೂ ಷಿಲ್ಲಿಂಗಿಗೆ ದುಡಿದ ಆ ಹೆಂಗಸರೂ ಸಮಭಾಗಿಗಳು.

ವಿರೋಧವೂ ಕಡಮೆಯಾಗಿರಲಿಲ್ಲ. ರೇಕ್ಸನ ಚಿಂದಿಪಡೆಯೆಂದು ಊರಿನವರು ನಕ್ಕರು. ವಿಶ್ರಾಂತಿಯ ದಿನದಂದು ಸಂಬಳ ಕೊಟ್ಟು ಪಾಠ ಹೇಳಿಸುವುದು ದೈವಾಜ್ಞೆಗೆ ವಿರುದ್ಧವೆಂದು ಕೆಲವರು ಆಕ್ಷೇಪಿಸಿದರು. ಮಕ್ಕಳಿಗೆ ಮತವನ್ನು ಕಲಿಸುವುದು ಮನೆಯ ಹಿರಿಯರ ಕೆಲಸ, ಅದನ್ನು ಶಾಲೆ ಕಿತ್ತುಕೊಳ್ಳುತ್ತದೆಂದು ಇನ್ನು ಕೆಲವರು ಹೇಳಿದರು. ಎಲ್ಲಕ್ಕಿಂತ ದೊಡ್ಡ ಭಯ ಬೇರೆಯದು. ಬಡವನು ಓದುವುದನ್ನು ಕಲಿತರೆ ಸತ್ಯವೇದವನ್ನು ಮಾತ್ರ ಓದಿ ನಿಲ್ಲಿಸುವನೆ? 1789ರಲ್ಲಿ ಫ್ರಾನ್ಸಿನಲ್ಲಿ ಮಹಾಕ್ರಾಂತಿ ನಡೆದ ಮೇಲೆ ಈ ಭಯ ಇಮ್ಮಡಿಯಾಯಿತು. 1800ರಲ್ಲಿ ರಾಚೆಸ್ಟರಿನ ಬಿಷಪ್ ಹಾರ್ಸ್‌ಲಿಯು, ಕೆಲವು ಭಾನುವಾರದ ಶಾಲೆಗಳು ರಾಜದ್ರೋಹದ ತವರಾಗಿವೆಯೆಂದು ಬಹಿರಂಗವಾಗಿ ದೂರಿದನು. ಈ ಅಂಜಿಕೆಯ ಫಲವಾಗಿ ಒಂದು ವಿಚಿತ್ರ ರಾಜಿ ಏರ್ಪಟ್ಟಿತು: ಓದನ್ನು ಕಲಿಸಬಹುದು, ಬರವಣಿಗೆಯನ್ನು ಕಲಿಸಬಾರದು. 1789ರಿಂದ ಚೆಡ್ಡರ್ ಪ್ರದೇಶದ ಬಡ ಮಕ್ಕಳಿಗಾಗಿ ಶಾಲೆಗಳನ್ನು ನಡೆಸಿದ ಲೇಖಕಿ ಹ್ಯಾನ ಮೋರ್ ಕೂಡ ಬಡವರಿಗೆ ಬರೆಯುವುದನ್ನು ಕಲಿಸಲು ಒಪ್ಪಲಿಲ್ಲ. ಓದುವವನು ಕೇಳಿಸಿಕೊಳ್ಳುವವನು, ಬರೆಯುವವನು ಮಾತನಾಡುವವನು. ಬಡವನು ಕೇಳಿದರೆ ಸಾಕೆಂಬುದು ಇದರ ಒಳ ಅರ್ಥ.

ಪ್ರಶ್ನೋತ್ತರ ಪಾಠದಲ್ಲಿಯೇ ಇದಕ್ಕೆ ಆಸರೆಯಿತ್ತೆಂದು ಟೀಕಾಕಾರರು ಹೇಳುತ್ತಾರೆ. ತನಗಿಂತ ಮೇಲಿನವರಿಗೆ ವಿಧೇಯನಾಗಿರಬೇಕು, ದೇವರು ಇಟ್ಟ ಸ್ಥಿತಿಯಲ್ಲಿ ತನ್ನ ಕರ್ತವ್ಯವನ್ನು ಮಾಡಬೇಕೆಂಬ ಉಪದೇಶ ಅದರಲ್ಲಿದೆ. ಕಾರ್ಖಾನೆಯ ಒಡೆಯನಿಗೆ ಇಂತಹ ಪಾಠವನ್ನು ಕಲಿತ ಕೂಲಿಯವನು ಪ್ರಿಯನಾಗದೆ ಇರುವನೆ? ರೇಕ್ಸನಿಗೂ ಸಮಾಜದ ಏಣಿಯನ್ನು ಕಿತ್ತುಹಾಕುವ ಉದ್ದೇಶವಿರಲಿಲ್ಲ. ಶಾಂತರೂ ಪ್ರಾಮಾಣಿಕರೂ ಆದ ದುಡಿಮೆಗಾರರನ್ನು ಕಂಡು ಆತನು ಸಂತೋಷಪಟ್ಟನು. ಈ ಟೀಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಿಷಪ್ ಹಾರ್ಸ್‌ಲಿಯ ಭಯವೂ ಸುಳ್ಳಾಗಿರಲಿಲ್ಲವೆಂಬುದನ್ನು ಇದರೊಡನೆ ಸೇರಿಸಿ ನೋಡಬೇಕು. ಅಕ್ಷರವನ್ನು ಕೊಟ್ಟ ಮೇಲೆ ಅದರಿಂದ ಏನನ್ನು ಓದಬೇಕೆಂದು ಕೊಟ್ಟವರು ಕಟ್ಟುಮಾಡಲಾರರು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಾರ್ಮಿಕರ ಹಕ್ಕುಗಳಿಗಾಗಿ ಹೋರಾಡಿದವರಲ್ಲಿ ಎಷ್ಟೋ ಮಂದಿ ಮೊದಲ ಅಕ್ಷರವನ್ನು ಕಲಿತದ್ದು ಭಾನುವಾರದ ಶಾಲೆಯ ಬೆಂಚಿನ ಮೇಲೆಯೇ. ದೇವರ ಮುಂದೆ ಎಲ್ಲರೂ ಸಮಾನರೆಂದು ಓದಿದ ಹುಡುಗನು ಒಂದು ದಿನ ಮನುಷ್ಯರ ಮುಂದೆ ಏಕಲ್ಲವೆಂದು ಕೇಳದಿರುವನೆ?

ರೇಕ್ಸನು 1802ರಲ್ಲಿ ಪತ್ರಿಕೆಯ ಭಾರವನ್ನಿಳಿಸಿ ವಿಶ್ರಾಂತನಾದನು. 1811ರ ಏಪ್ರಿಲ್ 5ರಂದು ತನ್ನ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಗ್ಲಾಸ್ಟರಿನಲ್ಲಿಯೇ ತೀರಿಕೊಂಡನು. ಆತನ ದೇಹವನ್ನು ಸೇಂಟ್ ಮೇರಿ ಡಿ ಕ್ರಿಪ್ಟ್ ದೇವಾಲಯದಲ್ಲಿ ಸಮಾಧಿಮಾಡಿದರು. ಭಾನುವಾರದ ಶಾಲೆಯ ಮಕ್ಕಳು ಶವಯಾತ್ರೆಯಲ್ಲಿ ನಡೆಯಬೇಕೆಂದೂ, ಒಬ್ಬೊಬ್ಬರಿಗೆ ಒಂದು ಷಿಲ್ಲಿಂಗನ್ನೂ ಒಣದ್ರಾಕ್ಷಿಯ ಕೇಕನ್ನೂ ಕೊಡಬೇಕೆಂದೂ ಆತನು ಮೊದಲೇ ಏರ್ಪಡಿಸಿದ್ದನು. ತನ್ನ ಮರಣದ ದಿನವೂ ಮಕ್ಕಳು ಹಸಿದು ಹೋಗಬಾರದೆಂಬ ಈ ಚಿಂತೆಯಲ್ಲಿ ಆತನ ಸ್ವಭಾವವೆಲ್ಲ ಅಡಗಿದೆ.

ಬಿತ್ತಿದ ಬೆಳೆ ಮುಂದೆ ಹುಲುಸಾಗಿ ಬೆಳೆಯಿತು. 1831ರಲ್ಲಿ ಬ್ರಿಟನ್ನಿನ ಭಾನುವಾರದ ಶಾಲೆಗಳಲ್ಲಿ ಸುಮಾರು ಹನ್ನೆರಡೂವರೆ ಲಕ್ಷ ಮಕ್ಕಳಿದ್ದರು. ಅಲ್ಲಿಯ ಸರಕಾರವು ಶಾಲೆಗಳಿಗೆಂದು ಮೊದಲ ಸಲ 20,000 ಪೌಂಡುಗಳನ್ನು ಕೊಟ್ಟದ್ದು 1833ರಲ್ಲಿ. ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಾಲೆಗಳನ್ನು ಒದಗಿಸುವ ಕಾಯಿದೆ ಬಂದದ್ದು 1870ರಲ್ಲಿ. ಅಂದರೆ ಸರಕಾರ ಎಚ್ಚರಗೊಳ್ಳುವ ಮೊದಲು ತೊಂಬತ್ತು ವರ್ಷಗಳ ಕಾಲ ಬಡ ಮಕ್ಕಳ ವಿದ್ಯೆಯ ಭಾರವನ್ನು ಬಹುಮಟ್ಟಿಗೆ ಈ ಭಾನುವಾರದ ಶಾಲೆಗಳೂ ಇತರ ಧರ್ಮಶಾಲೆಗಳೂ ಹೊತ್ತಿದ್ದವು. ಸಂಬಳದ ಉಪಾಧ್ಯಾಯರ ಸ್ಥಾನದಲ್ಲಿ ಸಂಬಳವಿಲ್ಲದೆ ಕಲಿಸುವ ತರುಣ ತರುಣಿಯರು ಬಂದರು. ಹಗಲು ಶಾಲೆಗಳು ಹೆಚ್ಚಿದ ಮೇಲೆ ಅಕ್ಷರದ ಕೆಲಸ ಅವುಗಳಿಗೆ ಹೋಗಿ, ಭಾನುವಾರದ ಶಾಲೆಗೆ ಮತಬೋಧೆಯೊಂದೇ ಉಳಿಯಿತು. 1880ರಲ್ಲಿ, ಶಾಲೆ ಆರಂಭವಾಗಿ ನೂರು ವರ್ಷ ತುಂಬಿದಾಗ, ಅಧ್ಯಾಪಕರೂ ಮಕ್ಕಳೂ ಕೊಟ್ಟ ಕಾಣಿಕೆಯಿಂದ ಲಂಡನ್ನಿನ ಥೇಮ್ಸ್ ನದಿಯ ದಂಡೆಯ ಮೇಲೆ ಶಿಲ್ಪಿ ಥಾಮಸ್ ಬ್ರಾಕ್‌ನು ಮಾಡಿದ ಆತನ ಪ್ರತಿಮೆಯನ್ನು ನಿಲ್ಲಿಸಿದರು.

ನಮ್ಮ ನಾಡಿಗೆ ಈ ಪದ್ಧತಿಯು ಪ್ರಾಟೆಸ್ಟೆಂಟ್ ಮಿಷನರಿಗಳೊಡನೆ ಬಂದಿತು. ಲಂಡನ್ ಮಿಷನ್ನಿನವರು 1810ರಲ್ಲಿ ಬಳ್ಳಾರಿಯಲ್ಲಿಯೂ, ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿನಲ್ಲಿಯೂ ನೆಲೆಸಿದರು. ಅಕ್ಷರ ಮೊದಲೆಂಬ ನಿಯಮವನ್ನು ಇವರೂ ಬಿಡಲಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಆರಂಭವಾಯಿತು. ಅಲ್ಲಿಯ ಹರ್ಮನ್ ಮೊಗ್ಲಿಂಗನು 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು. ಪತ್ರಿಕೆ, ಪಾಠಶಾಲೆ, ಪ್ರಾರ್ಥನೆ ಈ ಮೂರೂ ಗ್ಲಾಸ್ಟರಿನಲ್ಲಿದ್ದಂತೆಯೇ ಇಲ್ಲಿಯೂ ಒಂದೇ ಅಂಗಳದಲ್ಲಿ ಬೆಳೆದವು. ಮಕ್ಕಳಿಗೆ ನಂಬಿಕೆಯ ಮಾತುಗಳನ್ನು ಅವರ ತಾಯ್ನುಡಿಯಲ್ಲಿಯೇ ಹೇಳಬೇಕಾದುದರಿಂದ ಹೊರನಾಡಿನಿಂದ ಬಂದ ಪಾದ್ರಿಗಳು ಮೊದಲು ತಾವೇ ವಿದ್ಯಾರ್ಥಿಗಳಾಗಿ ಕನ್ನಡವನ್ನು ಕಲಿತರು. ಕಿಟ್ಟೆಲ್ ಮಹಾಶಯನ ನಿಘಂಟು ಈ ಕಲಿಕೆಯ ಶ್ರೇಷ್ಠ ಫಲವೆಂಬುದನ್ನು ನಮ್ಮ ಕಾಲೇಜಿನ ಕನ್ನಡ ವಿದ್ಯಾರ್ಥಿಗಳಿಗೆ ನಾನು ಹೇಳಬೇಕಾಗಿಲ್ಲ.

ರೇಕ್ಸನ ಜೀವನದಿಂದ ನಾನು ತಿಳಿದುಕೊಂಡುದನ್ನು ಸಂಗ್ರಹವಾಗಿ ಹೇಳಿ ಈ ಲೇಖನವನ್ನು ಮುಗಿಸುತ್ತೇನೆ. ಮಗುವಿಗೆ ನಂಬಿಕೆಯನ್ನು ಕಲಿಸಹೊರಟವನು ಮೊದಲು ಮಗುವಿನ ಹೆಸರನ್ನು ಕೇಳಬೇಕು, ಅದರ ಹಸಿವನ್ನೂ ಬಟ್ಟೆಯನ್ನೂ ನೋಡಬೇಕು, ಅದಕ್ಕೆ ಅಕ್ಷರವನ್ನು ಕೊಡಬೇಕು. ಇಷ್ಟಾದ ಮೇಲೆ ತತ್ತ್ವಕ್ಕೆ ನಿಲ್ಲಲು ಸ್ಥಳವಿರುತ್ತದೆ. ಕಲಿಸುವವನ ನಡತೆಯೂ ಪಾಠದ ಭಾಗವೇ ಆದುದರಿಂದ ಆತನು ತನ್ನ ಕೈಯನ್ನೂ ನಾಲಗೆಯನ್ನೂ ಕಾಯಬೇಕು. ಕಲಿತ ಮಗು ಪ್ರಶ್ನೆ ಕೇಳತೊಡಗಿದರೆ ಅಂಜದೆ ಆ ಪ್ರಶ್ನೆಯನ್ನು ತಾಳಿಕೊಳ್ಳಬೇಕು. ಈ ಮಾತುಗಳು ಕ್ರೈಸ್ತ ಮತಕ್ಕೆ ಮಾತ್ರವೇ ಅನ್ವಯಿಸುತ್ತವೆಂದು ನನಗೆ ತೋರುವುದಿಲ್ಲ. ಮನೆಯಲ್ಲಿ ಅಜ್ಜಿಯು ಮೊಮ್ಮಗುವಿಗೆ ವಚನಗಳನ್ನು ಕಲಿಸುವಾಗಲೂ, ಮದ್ರಸದಲ್ಲಿ ಗುರುವು ಪಾಠ ಹೇಳುವಾಗಲೂ ಇದೇ ಕಷ್ಟ, ಇದೇ ಹೊಣೆ ಉಂಟು. ಕಾಲೇಜಿನಲ್ಲಿ ಓದುವ ಭಾಗ್ಯವುಳ್ಳ ನಾವು ವಾರಕ್ಕೆ ಒಂದು ಗಂಟೆಯನ್ನು ಬಿಡುವು ಮಾಡಿಕೊಂಡು, ನಮ್ಮ ಕೇರಿಯಲ್ಲಿ ಓದುಬಾರದ ಒಂದು ಮಗುವನ್ನು ಎದುರಿಗೆ ಕೂರಿಸಿಕೊಂಡರೆ, ಗ್ಲಾಸ್ಟರಿನ ಆ ಪತ್ರಿಕಾಕರ್ತನ ಚರಿತ್ರೆಯನ್ನು ಓದಿದ್ದು ಸಾರ್ಥಕವಾಗುತ್ತದೆ.